ಇನ್ನು ಹತ್ತೊಂಬತ್ತು ದಿನ

ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಒಂದು ಟೈರ್ ಅಂಗಡಿಯ ಮಹಡಿಯ ಮೇಲೆ ನನ್ನ ಆಫೀಸು. ನಾನು ತೆರಿಗೆ ಸಲಹೆಗಾರ. ಮೂವತ್ತು ವರ್ಷಗಳಿಂದ ಅಡಿಕೆ ಮಂಡಿಯವರು, ಬಟ್ಟೆ ಅಂಗಡಿಯವರು, ಕಾಲೇಜು ಮೇಷ್ಟ್ರುಗಳು, ನರ್ಸಿಂಗ್ ಹೋಮಿನ ಡಾಕ್ಟರುಗಳು ನನ್ನೆದುರು ಕೂತು ತಮ್ಮ ವರಮಾನದ ಬಗ್ಗೆ ಸುಳ್ಳು ಹೇಳಿದ್ದಾರೆ. ನಾನು ಬೈದು, ಗದರಿಸಿ, ನಿಜ ಬಾಯಿ ಬಿಡಿಸಿ ಅವರ ರಿಟರ್ನ್ ತುಂಬಿದ್ದೇನೆ. ಬೈಯುವುದಕ್ಕೆ ನಾನು ಊರಲ್ಲಿ ಹೆಸರುವಾಸಿ. ಬೈಸಿಕೊಂಡವರು ಮರುವರ್ಷ ಮತ್ತೆ ಬರುತ್ತಾರೆ, ಜೊತೆಗೆ ತಮ್ಮ ಷಡ್ಡಕನನ್ನೂ ಕರೆತರುತ್ತಾರೆ. ಹೀಗಾಗಿ ನನ್ನ ಮಾತಿಗೆ ತೂಕವಿದೆ ಎಂದು ನಾನು ನಂಬಿಕೊಂಡಿದ್ದೆ. ಆ ನಂಬಿಕೆ ಮಾಡಿದ ಅನಾಹುತವನ್ನು ಬರೆಯಲು ಈಗ ಕೂತಿದ್ದೇನೆ.

ನನ್ನ ಅಕ್ಕನನ್ನು ಭದ್ರಾವತಿಗೆ ಕೊಟ್ಟಿತ್ತು. ಭಾವ ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಕ್ರೇನ್ ಆಪರೇಟರ್. ಅಕ್ಕ ಕಾರ್ಮಿಕರ ಸಹಕಾರ ಸಂಘದ ಅಂಗಡಿಯಲ್ಲಿ ತಕ್ಕಡಿಯ ಮುಂದೆ ನಿಲ್ಲುತ್ತಿದ್ದಳು. ಅವರಿಗೆ ಒಬ್ಬಳೇ ಮಗಳು. ಕ್ವಾರ್ಟರ್ಸಿನಲ್ಲಿ ಕನ್ನಡ, ತಮಿಳು, ತೆಲುಗು ಮೂರನ್ನೂ ಕಲಸಿ ಮಾತಾಡುತ್ತ ಬೆಳೆದ ಹುಡುಗಿ ಪಿಯುಸಿ ಮುಗಿಸಿದ ದಿನ ಪೈಲಟ್ ಆಗ್ತೀನಿ ಎಂದಳು. ನಾನು ನಕ್ಕುಬಿಟ್ಟೆ. ಭಾವ ನಗಲಿಲ್ಲ.

"ನಾನೂ ನಲವತ್ತು ಅಡಿ ಮೇಲೆ ಕೂತು ಹಿಡಿಕೆ ತಿರುಗಿಸ್ದೋನೇ ಅಲ್ವೇನಯ್ಯ? ಇವಳು ಇನ್ನೊಂಚೂರು ಮೇಲೆ ಹೋಗ್ತಾಳೆ, ಅಷ್ಟೇ" ಎಂದರು.

ಕಾರ್ಖಾನೆ ಸೊರಗುತ್ತಿದ್ದ ಕಾಲ ಅದು. ಭಾವ ಸ್ವಯಂ ನಿವೃತ್ತಿ ಬರೆದುಕೊಟ್ಟು, ಬಂದ ಹಣವನ್ನು ಪೂರ್ತಿ ಅವಳ ತರಬೇತಿಗೆ ಸುರಿದರು. ಅದು ಸಾಲಲಿಲ್ಲ. ಅಕ್ಕನ ಎರಡೆಳೆ ಸರ ಹೋಯಿತು. ಬ್ಯಾಂಕಿನ ಸಾಲಕ್ಕೆ ಜಾಮೀನು ನಾನು ನಿಂತೆ. ಲೈಸೆನ್ಸ್ ಕೈಗೆ ಬಂದ ಮೇಲೂ ಎರಡು ವರ್ಷ ಕೆಲಸ ಸಿಗಲಿಲ್ಲ. ವಿಮಾನ ಹಾರಿಸುವ ಲೈಸೆನ್ಸ್ ಇಟ್ಟುಕೊಂಡು ಅವಳು ಭದ್ರಾವತಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಿದ್ದಳು. ಆ ಎರಡು ವರ್ಷದಲ್ಲೇ ಭಾವ ತೀರಿಕೊಂಡರು. ಮಗಳು ಕೆಲಸಕ್ಕೆ ಸೇರಿದ್ದನ್ನು ಅವರು ನೋಡಲಿಲ್ಲ. ಅವರು ಹೋದ ಮೇಲೆ ಆ ಮನೆಯ ಯಜಮಾನಿಕೆಯನ್ನು ಯಾರೂ ಕೊಡದೆ ನಾನೇ ತೆಗೆದುಕೊಂಡೆ.

ಅವಳಿಗೆ ಒಂದು ವಿಮಾನ ಕಂಪನಿಯಲ್ಲಿ ಕೆಲಸ ಸಿಕ್ಕ ವಾರ ನಾನು ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಐದು ಖಾನೆ ಎಳೆದು ಅವಳ ಮುಂದೆ ಹರಡಿದೆ. ಪೈಲಟ್ ಒಬ್ಬರ ಬದುಕು ಬೇರೆ ನೌಕರರ ಬದುಕಿನಂತಲ್ಲ ಎಂಬುದು ನನಗೆ ಅಷ್ಟರಲ್ಲಿ ಗೊತ್ತಾಗಿತ್ತು. ಮೊದಲ ಖಾನೆಯಾದ ಕಲಿಯುವ ಕಾಲದಲ್ಲಿ ಹಣ ಬರೀ ಹೊರಗೆ ಹೋಗುತ್ತದೆ. ಲೈಸೆನ್ಸ್ ಇದ್ದು ಕೆಲಸವಿಲ್ಲದ ಎರಡನೇ ಖಾನೆಯಲ್ಲೂ ಹೋಗುತ್ತದೆ, ಯಾಕೆಂದರೆ ಲೈಸೆನ್ಸನ್ನು ಜೀವಂತ ಇಟ್ಟುಕೊಳ್ಳುವುದಕ್ಕೇ ಖರ್ಚಿದೆ. ಅವೆರಡೂ ಮುಗಿದಿದ್ದವು, ಹೊಡೆದುಹಾಕಿದೆ. ಸಹಪೈಲಟ್, ಅಂದರೆ ಫಸ್ಟ್ ಆಫೀಸರ್ ಆದ ಮೂರನೇ ಖಾನೆಯಲ್ಲಿ ಅಪ್ಪ ವರ್ಷಕ್ಕೆ ನೋಡದ ಹಣ ಮಗಳಿಗೆ ತಿಂಗಳಿಗೆ ಬರುತ್ತದೆ; ಹೆಚ್ಚಿನವರು ಮುಗ್ಗರಿಸುವುದು ಇಲ್ಲೇ, ಕಾರು, ಫ್ಲಾಟು ಅಂತ. ನಾಲ್ಕನೆಯದು ಕ್ಯಾಪ್ಟನ್ ಆಗುವುದಕ್ಕೆ ಕಾಯುವ ಕಾಲ. ಐದನೆಯದು ಕ್ಯಾಪ್ಟನ್. ಅರವತ್ತೈದಕ್ಕೆ ಮನೆಗೆ, ಪೆನ್ಷನ್ ಗಿನ್ಷನ್ ಏನೂ ಇಲ್ಲ.

"ಮಾವ, ನೀವು ಒಂದ್ಸಲನಾದ್ರೂ ವಿಮಾನ ಹತ್ತಿದೀರಾ?" ಎಂದು ಅವಳು ಕೇಳಿದಳು.

"ಅಡಿಕೆ ಮಂಡಿಯವರ ಲೆಕ್ಕ ನೋಡೋಕೆ ನಾನು ಅಡಿಕೆ ಮರ ಹತ್ತಬೇಕೇನೆ?"

ಅವಳು ಬಿದ್ದು ಬಿದ್ದು ನಕ್ಕಳು. ಆ ಹಾಳೆಯನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ತನ್ನ ಜೊತೆಯವರಿಗೆ ಕಳಿಸಿದಳು. ಅದನ್ನು ನೋಡಿ ಒಬ್ಬೊಬ್ಬರಾಗಿ ಪೈಲಟ್‌ಗಳು ನನಗೆ ಫೋನ್ ಮಾಡತೊಡಗಿದರು. ಹೀಗೆ ಶಿವಮೊಗ್ಗದಲ್ಲಿ ಕೂತು, ವಿಮಾನ ಹತ್ತದ ನಾನು ಹತ್ತು ಹನ್ನೆರಡು ಪೈಲಟ್‌ಗಳ ಹಣಕಾಸು ನೋಡುವವನಾದೆ. ಊರಿನ ಮದುವೆ ಮನೆಗಳಲ್ಲಿ ಈ ವಿಷಯವನ್ನು ನಾನೇ ಎತ್ತಿ ಹೇಳಿಕೊಳ್ಳುತ್ತಿದ್ದೆ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಮೊದಲ ವರ್ಷವೇ ಅವಳು ಒಂದು ಪಾಲಿಸಿಯ ಬಗ್ಗೆ ಕೇಳಿದ್ದಳು. ಆರೋಗ್ಯ ಕೆಟ್ಟು ಪೈಲಟ್ ಲೈಸೆನ್ಸ್ ಹೋದರೆ ಪರಿಹಾರ ಕೊಡುವ ಪಾಲಿಸಿ. ಪೈಲಟ್‌ಗಳಿಗೆ ಕಾಲಕಾಲಕ್ಕೆ ವೈದ್ಯಕೀಯ ಪರೀಕ್ಷೆ ಇರುತ್ತದೆ. ಕಣ್ಣು, ಕಿವಿ, ಹೃದಯ, ಯಾವುದರಲ್ಲಿ ಐಬು ಕಂಡರೂ ಹಾರಾಟ ನಿಲ್ಲುತ್ತದೆ, ಹಾರಾಟ ನಿಂತರೆ ಸಂಬಳ ನಿಲ್ಲುತ್ತದೆ. ಜೊತೆಯವರೆಲ್ಲ ಮಾಡಿಸಿದ್ದಾರೆ ಎಂದಳು. ನಾನು ಕಂತಿನ ಮೊತ್ತ ನೋಡಿ ಹೌಹಾರಿದೆ.

"ಏನೂ ಆಗ್ಲಿಲ್ಲ ಅಂದ್ರೆ ಒಂದು ರೂಪಾಯಿನೂ ವಾಪಸ್ ಬರಲ್ಲ! ಇಪ್ಪತ್ತೈದು ವರ್ಷದ ಹುಡುಗಿಗೆ ಏನಾಗುತ್ತೆ ಮಾರಾಯ್ತಿ? ಅದೇ ದುಡ್ಡಲ್ಲಿ ಸೈಟ್ ತಗೋ."

ಶಿವಮೊಗ್ಗದವನ ಬುದ್ಧಿ ಅದು. ನಮ್ಮೂರಲ್ಲಿ ನಾಲ್ಕು ಕಾಸು ಕೈಗೆ ಬಂದವನ ಕಣ್ಣು ಮೊದಲು ಹೋಗುವುದು ಸೈಟಿನ ಮೇಲೆ. ನಾಲ್ಕು ಕಲ್ಲು ನೆಟ್ಟು, ಭಾನುವಾರ ಹೋಗಿ ಹುಲ್ಲು ಬೆಳೆದಿದ್ದನ್ನು ನೋಡಿಕೊಂಡು ಬಂದರೆ ಸಮಾಧಾನ. ಕಾಗದದ ಮೇಲಿನ ಭರವಸೆಗೆ ಹಣ ಕೊಡುವುದೆಂದರೆ ಹೊಟ್ಟೆಯುರಿ. ವಿಮಾನ ನಿಲ್ದಾಣ ಬರುತ್ತದೆಂಬ ಸುದ್ದಿಯಿದ್ದ ಕಡೆ ಅವಳಿಗೆ ಒಂದು ಸೈಟ್ ಕೊಡಿಸಿದೆ, ಎರಡು ವರ್ಷಕ್ಕೆ ಇನ್ನೊಂದು. ಆರು ವರ್ಷ ಹೀಗೇ ಕಳೆಯಿತು. ಆಮೇಲೆ ನನ್ನ ಬಳಿ ಬರುತ್ತಿದ್ದ ನಲವತ್ತೈದರ ಕ್ಯಾಪ್ಟನ್ ಒಬ್ಬರಿಗೆ ಹೃದಯದ ತೊಂದರೆ ಕಂಡು ಲೈಸೆನ್ಸ್ ಹೋಯಿತು. ಅವರಿಗೂ ಆ ಪಾಲಿಸಿ ಬೇಡವೆಂದು ಹೇಳಿದವನು ನಾನೇ. ಅವರು ತಮ್ಮ ಫೈಲು ವಾಪಸ್ ಕೇಳಿ ತೆಗೆದುಕೊಂಡು ಹೋದರು. ಆ ವಾರವೇ ಅವಳಿಂದ ಪಾಲಿಸಿ ಮಾಡಿಸಿದೆ. ಅದರಲ್ಲಿ ಒಂದು ಷರತ್ತಿತ್ತು: ಮೊದಲ ಆರು ತಿಂಗಳೊಳಗೆ ಕಾಣಿಸಿಕೊಂಡ ಯಾವುದೇ ಕಾಯಿಲೆಗೆ ಪರಿಹಾರವಿಲ್ಲ. ಇಷ್ಟು ವರ್ಷ ಕಾದವರಿಗೆ ಆರು ತಿಂಗಳು ಯಾವ ಲೆಕ್ಕ ಎಂದುಕೊಂಡೆವು.

ಐದು ತಿಂಗಳು ಕಳೆದವು. ಅವಳು ಆಗ ನಾಲ್ಕನೇ ಖಾನೆಯಲ್ಲಿದ್ದಳು. ಇನ್ನೆರಡು ತಿಂಗಳಿಗೆ ಕ್ಯಾಪ್ಟನ್ ತರಬೇತಿ ಶುರುವಾಗುವುದಿತ್ತು.

ಒಂದು ಬೆಳಿಗ್ಗೆ ನಾನು ಆಫೀಸಿನ ಬೀಗ ತೆಗೆಯುತ್ತಿದ್ದಾಗ ಬೆಂಗಳೂರಿನಿಂದ ಅವಳ ಫೋನ್ ಬಂತು.

"ಮಾವ, ಬಲಗಣ್ಣ ಮುಂದೆ ಏನೋ ಕಪ್ಪು ಎಳೆ ಓಡಾಡ್ತಾ ಇದೆ. ನಿನ್ನೆ ಸಂಜೆಯಿಂದ. ಕಣ್ಣು ಹೊರಳಿಸಿದ್ರೆ ಮೂಲೇಲಿ ಮಿಂಚಿದ ಹಾಗಾಗುತ್ತೆ."

"ಡಾಕ್ಟರಿಗೆ ತೋರಿಸಿದ್ಯಾ?"

"ಇಲ್ಲ. ಮೊದಲು ನಿಮಗೆ ಹೇಳೋಣ ಅಂತ."

ಪೈಲಟ್‌ಗಳ ಈ ರೂಢಿ ನನಗೆ ಗೊತ್ತಿತ್ತು. ಹೆಲ್ಮೆಟ್ ಇಲ್ಲದವನು ಪೊಲೀಸರನ್ನು ಕಂಡು ಅಡ್ಡರಸ್ತೆಗೆ ತಿರುಗುವ ಹಾಗೆ ಅವರು ಡಾಕ್ಟರನ್ನು ಕಂಡರೆ ತಿರುಗಿಕೊಳ್ಳುತ್ತಾರೆ. ಚೀಟಿಯಲ್ಲಿ ಏನು ಬರೆದುಬಿಡುತ್ತಾರೋ, ಅದು ಎಲ್ಲಿಗೆ ಮುಟ್ಟುತ್ತದೋ ಎಂಬ ಭಯ. ನನ್ನ ಬಳಿ ಬರುವವರಲ್ಲಿ ಒಬ್ಬರು ಬೆನ್ನುನೋವಿಗೆ ಎರಡು ವರ್ಷ ಬರೀ ಎಣ್ಣೆ ಹಚ್ಚಿಕೊಂಡಿದ್ದರು. ಅವಳೂ ಹಾಗೆಯೇ. ಆದರೆ ನಾನು ಪೈಲಟ್ ಅಲ್ಲವಲ್ಲ. ಕಣ್ಣಿನ ವಿಷಯ, ಈಗಲೇ ಹೋಗು ಎನ್ನಬೇಕಾಗಿತ್ತು. ನಾನು ಕುರ್ಚಿಗೆ ಕೂತು, ಬೀರುವಿನಿಂದ ಪಾಲಿಸಿ ತೆಗೆದು, ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಎಣಿಸಿದೆ.

"ಇನ್ನು ಹತ್ತೊಂಬತ್ತು ದಿನ" ಎಂದೆ. "ಈಗ ಡಾಕ್ಟರ್ ಹತ್ರ ಹೋದ್ರೆ ಅವರ ಚೀಟಿ ಮೇಲೆ ಇವತ್ತಿನ ತಾರೀಖು ಬೀಳುತ್ತೆ. ಆಮೇಲೆ ಆ ಕಣ್ಣಿಗೆ ಏನಾದ್ರೂ ಒಂದು ಪೈಸೆ ಬರಲ್ಲ. ಹತ್ತೊಂಬತ್ತು ದಿನ ತಡ್ಕೋ. ಇಪ್ಪತ್ತನೇ ದಿನ ನಾನೇ ಕರ್ಕೊಂಡು ಹೋಗ್ತೀನಿ."

"ಹೀಗಿಟ್ಕೊಂಡು ನಾನು ಹಾರ್ಸಲ್ಲ ಮಾವ. ಅದು ಮಾತ್ರ ಆಗಲ್ಲ" ಎಂದಳು.

"ಹಾರ್ಸು ಅಂತ ಯಾರು ಹೇಳಿದ್ರು? ರಜ ಹಾಕಿ ಊರಿಗೆ ಬಾ. ಕಣ್ಣಿಗೆ ಕಸಗಿಸ ಬಿದ್ದಿರುತ್ತೆ."

ಕಂಪ್ಯೂಟರಿನಲ್ಲಿ ಒಂದು ಸಲ ಹುಡುಕಿದ್ದರೆ ಸಾಕಿತ್ತು. ತೆರಿಗೆಯ ಒಂದು ಉಪನಿಯಮಕ್ಕೆ ಅರ್ಧ ದಿನ ಹುಡುಕುವ ನಾನು ಅವಳ ಕಣ್ಣಿಗೆ ಐದು ನಿಮಿಷ ಹುಡುಕಲಿಲ್ಲ. ಹುಡುಕಿದರೆ ಬೇಡದ್ದು ಸಿಕ್ಕೀತು ಎಂದು ಒಳಗೆಲ್ಲೋ ಗೊತ್ತಿತ್ತೇನೋ.

ಅಮ್ಮನನ್ನು ನೋಡಿ ಬಹಳ ದಿನವಾಯಿತು ಎಂದು ಹೇಳಿ ಅವಳು ರಜ ಪಡೆದಳು. ಅದು ನಿಜವೂ ಆಗಿತ್ತು. ಭದ್ರಾವತಿಗೆ ಬಂದ ಮಗಳನ್ನು ಕಂಡು ಅಕ್ಕನಿಗೆ ಆದ ಸಂಭ್ರಮ ಅಷ್ಟಿಷ್ಟಲ್ಲ. ಕಾರ್ಖಾನೆಯ ಕ್ವಾರ್ಟರ್ಸ್ ಬಿಟ್ಟು ಎಷ್ಟೋ ವರ್ಷವಾಗಿ, ಈಗ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದಳು. ದಿನಕ್ಕೊಂದು ತಿಂಡಿ ಮಾಡಿದಳು. ಹಳೆಯ ಕ್ವಾರ್ಟರ್ಸಿನ ತಮಿಳು ಗೆಳತಿಯನ್ನು ಕರೆಸಿ ಮುರುಕು ಕರಿಸಿದಳು. ಗಂಡಿನ ಜಾತಕವನ್ನೂ ಒಂದೆರಡು ಸಲ ಹೊರತೆಗೆದಳಂತೆ. ಕಣ್ಣಿನ ಸುದ್ದಿ ಅವಳಿಗೆ ಹೇಳುವುದು ಬೇಡವೆಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಹೇಳಿದ್ದರೆ ಅಕ್ಕ ಆ ಕ್ಷಣವೇ ಕೈ ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋಗುತ್ತಿದ್ದಳು. ಅವಳಿಗೆ ಷರತ್ತೂ ಗೊತ್ತಿಲ್ಲ, ತಾರೀಖೂ ಗೊತ್ತಿಲ್ಲ.

ದಿನ ಬಿಟ್ಟು ದಿನ ಹುಡುಗಿ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬಂದು ನನ್ನ ಆಫೀಸಿನಲ್ಲಿ ಕೂರುತ್ತಿದ್ದಳು. ಆ ದಿನಗಳು ಚೆನ್ನಾಗಿದ್ದವು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಚೆನ್ನಾಗಿದ್ದವು. ಇಷ್ಟು ವರ್ಷದಲ್ಲಿ ಅವಳು ಅಷ್ಟು ಬಿಡುವಾಗಿ ನನ್ನ ಜೊತೆ ಕೂತದ್ದೇ ಇಲ್ಲ. ನನ್ನ ಕಡತಗಳ ರಾಶಿಯನ್ನು ನೋಡಿ ಹೀಯಾಳಿಸುತ್ತಿದ್ದಳು. ಮಧ್ಯಾಹ್ನ ಕೋಟೆಯ ಕಡೆ ಹೋಗಿ ದೋಸೆ ತಿನ್ನುತ್ತಿದ್ದೆವು. "ಎಳೆ ಹೇಗಿದೆ?" ಎಂದು ನಾನು ಕೇಳುವುದು, "ಇದೆ, ಈಗ ಎರಡು ಮೂರಾಗಿವೆ" ಎಂದು ಅವಳು ಹೇಳುವುದು. ಮನೆಯ ಇಲಿಯ ಬಗ್ಗೆ ಮಾತಾಡುವ ಹಾಗೆ ಅದರ ಬಗ್ಗೆ ಮಾತಾಡುತ್ತಿದ್ದೆವು.

ಎಂಟನೇ ದಿನವೋ ಒಂಬತ್ತನೇ ದಿನವೋ ಕುಂಸಿಯಿಂದ ಒಬ್ಬ ಜಮೀನ್ದಾರರು ಹೆಂಡತಿಯ ಜೊತೆ ಬಂದರು. ಮಗಳನ್ನು ಪೈಲಟ್ ಮಾಡಬೇಕು, ಎಷ್ಟು ಖರ್ಚು, ಯಾವಾಗ ವಾಪಸ್ ಬರುತ್ತದೆ ಎಂದು ಕೇಳಿದರು. ನಾನು ನನ್ನ ಐದು ಖಾನೆಯ ಹಾಳೆ ತೆಗೆಯುವಷ್ಟರಲ್ಲಿ ಅವಳೇ ಕುರ್ಚಿ ಎಳೆದುಕೊಂಡು ಕೂತಳು.

"ತೋಟ ಅಡ ಇಟ್ಟು ಓದಿಸ್ಬೇಡಿ" ಎಂದಳು. "ಮುಗಿದ ಮೇಲೆ ಕೆಲಸಕ್ಕೆ ಎರಡು ಮೂರು ವರ್ಷ ಕಾಯೋ ಹಾಗಾದ್ರೆ ಬಡ್ಡಿ ಕಟ್ಟೋಕೆ ಬೇರೆ ದುಡ್ಡಿರ್ಬೇಕು. ಕೆಲಸ ಸಿಕ್ಕ ಮೇಲೆ ಒಂದು ವರ್ಷದ ಮನೆಖರ್ಚು ಬ್ಯಾಂಕಲ್ಲಿ ಸುಮ್ನೆ ಬಿದ್ದಿರ್ಲಿ, ಅದನ್ನ ಯಾರು ಕೇಳಿದ್ರೂ ಮುಟ್ಬೇಡಿ. ಮತ್ತೆ ಲೈಸೆನ್ಸಿನ ಪಾಲಿಸಿ. ಮೊದಲ ಸಂಬಳದಲ್ಲೇ. ಸೈಟು ಆಮೇಲೆ."

ಜಮೀನ್ದಾರರು ನನ್ನ ಮುಖ ನೋಡಿದರು. ನಾನು ಹಾಳೆಯನ್ನು ಸರಿ ಮಾಡುತ್ತ ಕೂತೆ.

"ಅಲ್ಲಮ್ಮ, ಸಂಬಳ ಎಷ್ಟು ವರ್ಷ ಬರುತ್ತೆ? ಅರವತ್ತಾ, ಅರವತ್ತೈದಾ?" ಎಂದು ಅವರ ಹೆಂಡತಿ ಕೇಳಿದರು.

"ಮೈ ಸರಿಯಿರೋವರೆಗೆ ಬರುತ್ತೆ ಅಮ್ಮ" ಎಂದಳು.

ಅವರು ಹೋದ ಮೇಲೆ, "ನನ್ನ ಗಿರಾಕಿ ಓಡಿಸ್ತೀಯಲ್ಲೇ" ಎಂದೆ. ಅವಳು ನಗಲಿಲ್ಲ. ಕಿಟಕಿಯ ಹತ್ತಿರ ಹೋಗಿ ನಿಂತಳು.

ಹನ್ನೆರಡನೇ ದಿನ ಕೆಳಗಿನ ಟೈರ್ ಅಂಗಡಿಯ ಭಾಯ್ ಮೆಟ್ಟಿಲು ಹತ್ತಿ ಬಂದರು. ಇಪ್ಪತ್ತು ವರ್ಷದ ನೆರೆಯವರು, ಹುಡುಗಿಯನ್ನು ಶಾಲೆಯ ಯೂನಿಫಾರಂನಲ್ಲಿದ್ದಾಗಿನಿಂದ ಬಲ್ಲವರು. ಅವಳು ಅಂಗಡಿಯ ಬೆಂಚಿನ ಮೇಲೆ ಕೂತಿದ್ದಳಂತೆ.

"ಸಾಹೇಬ್ರೆ, ಬೇಟಿ ಒಂದು ಕಣ್ಣು ಮುಚ್ಕೊಂಡು ಎದುರಿನ ಬೋರ್ಡ್ ಓದ್ತಾ ಇದ್ದಾಳೆ. ಮತ್ತೆ ಆ ಕಣ್ಣು ಮುಚ್ತಾಳೆ, ಈ ಕಣ್ಣಲ್ಲಿ ಓದ್ತಾಳೆ. ಕ್ಯಾ ಹುವಾ? ಏನಾದ್ರೂ ತಕ್ಲೀಫ್ ಇದ್ಯಾ? ನನ್ನ ಗಾಡಿ ಖಾಲಿ ಇದೆ, ಈಗ್ಲೇ ದವಾಖಾನೆಗೆ ಹೋಗಿ ಬರೋಣ."

"ನಿಮ್ಮ ಟೈರ್ ನೀವು ನೋಡ್ಕೊಳ್ಳಿ ಭಾಯ್. ನಮ್ಮನೆ ವಿಷಯ ನಮಗೆ ಗೊತ್ತಿದೆ" ಎಂದೆ.

ಅವರ ಮುಖ ಸಣ್ಣದಾಯಿತು. ಮೆಟ್ಟಿಲಿಳಿದು ಹೋದರು. ಇಪ್ಪತ್ತು ವರ್ಷದಲ್ಲಿ ನಾನು ಅವರಿಗೆ ಹಾಗೆ ಮಾತಾಡಿರಲಿಲ್ಲ. ತಪ್ಪು ನನ್ನದೇ ಎಂದು ಗೊತ್ತಿದ್ದರಿಂದಲೇ ಅಷ್ಟು ಸಿಟ್ಟು ಬಂದದ್ದು ಎಂದು ಈಗ ತಿಳಿಯುತ್ತದೆ. ಆಗ ನನ್ನ ತಲೆಯಲ್ಲಿ ಇದ್ದದ್ದು ಇನ್ನು ಏಳು ದಿನ ಎಂಬುದು ಮಾತ್ರ.

ಹದಿನೇಳನೇ ದಿನ ಮಧ್ಯಾಹ್ನ ಊಟ ಮಾಡುತ್ತಿದ್ದೆ. ಭದ್ರಾವತಿಯಿಂದ ಅವಳ ಫೋನ್. ದನಿ ತಗ್ಗಿಸಿ ಮಾತಾಡುತ್ತಿದ್ದಳು, ಪಕ್ಕದಲ್ಲಿ ಅಕ್ಕ ಇದ್ದಿರಬೇಕು.

"ಮಾವ, ಈಗ ಎಳೆ ಅಲ್ಲ. ಮೂಗಿನ ಪಕ್ಕ, ಕೆಳಗಡೆಯಿಂದ ಒಂದು ನೆರಳು ಬಂದಿದೆ. ಪರದೆ ಥರ. ಅದು ಹೋಗ್ತಾ ಇಲ್ಲ."

ನಾನು ಎಡಗೈಯಲ್ಲಿ ಫೋನ್ ಹಿಡಿದಿದ್ದೆ, ಬಲಗೈಯಲ್ಲಿ ಅನ್ನವಿತ್ತು. ಈ ಕ್ಷಣವನ್ನು ನಾನು ಎಷ್ಟು ಸಲ ಹಿಂದಕ್ಕೆ ತಿರುಗಿಸಿ ನೋಡಿದ್ದೇನೋ ದೇವರಿಗೇ ಗೊತ್ತು. ಬೇರೆ ಮಾತು ಬಾಯಿಂದ ಬರುತ್ತದೇನೋ ಎಂದು ಪ್ರತಿ ಸಲ ಕಾಯುತ್ತೇನೆ.

"ಇನ್ನೆರಡೇ ದಿನ" ಎಂದೆ. "ಇಷ್ಟು ದಿನ ತಡ್ಕೊಂಡಿದೀಯ. ಈಗ ಹೋದ್ರೆ ಎಲ್ಲಾ ನೀರಲ್ಲಿ ಹೋಮ ಮಾಡಿದ ಹಾಗೆ. ಮಲಗಿರು, ಕಣ್ಣಿಗೆ ಆಯಾಸ ಕೊಡ್ಬೇಡ."

"ನಿಮಗೆ ಸರಿ ಅನ್ಸುತ್ತಾ ಮಾವ?"

"ಸರಿ ಅನ್ಸುತ್ತೆ."

"ಹಾಗಾದ್ರೆ ಸರಿ" ಎಂದಳು.

ಇಪ್ಪತ್ತನೇ ದಿನ ಬೆಳಿಗ್ಗೆ ಎಂಟಕ್ಕೇ ನಾನು ಭದ್ರಾವತಿಯಲ್ಲಿದ್ದೆ. ಕಣ್ಣಿನ ಪವರ್ ಪರೀಕ್ಷೆ ಮಾಡಿಸಿಕೊಂಡು ಬರುತ್ತೇವೆ ಎಂದು ಅಕ್ಕನಿಗೆ ಹೇಳಿ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡೆ. ಶಿವಮೊಗ್ಗದ ಕಣ್ಣಿನ ಡಾಕ್ಟರು ಹನಿ ಹಾಕಿ, ಕಾಯಿಸಿ, ಹಣೆಗೆ ದೀಪ ಕಟ್ಟಿಕೊಂಡು ಬಹಳ ಹೊತ್ತು ನೋಡಿದರು. ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ಕಣ್ಣಿನ ಒಳಪದರ ಮೊದಲು ಒಂದು ಕಡೆ ಹರಿದಿದೆ, ಆ ಹರಿದ ಕಡೆಯಿಂದ ನೀರು ಸೇರಿ ಈಗ ಪದರವೇ ಕಳಚಿಕೊಂಡಿದೆ, ನೋಟದ ನಡುಭಾಗವೂ ಬಿಟ್ಟುಕೊಂಡಿದೆ ಎಂದರು.

"ಎಳೆ, ಮಿಂಚು ಯಾವಾಗ ಶುರುವಾಯ್ತು?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅವಳು, "ಇಪ್ಪತ್ತು ದಿನ ಆಯ್ತು ಡಾಕ್ಟ್ರೆ" ಎಂದಳು.

ಡಾಕ್ಟರು ಪೆನ್ನು ಕೆಳಗಿಟ್ಟರು. "ಅವತ್ತೇ ಬಂದಿದ್ರೆ ಒಂದು ಲೇಸರ್ ಹಾಕಿ ಆ ಹರಕನ್ನ ಮುಚ್ಚಿ ಕಳಿಸ್ತಿದ್ದೆ. ಅರ್ಧ ಗಂಟೆ ಕೆಲಸ. ಮೊನ್ನೆ ಬಂದಿದ್ರೂ ನಡುಭಾಗ ಉಳಿಸ್ಬಹುದಿತ್ತೇನೋ."

"ಅವತ್ತೇ ಬಂದಿದ್ರೆ ಮತ್ತೆ ಹಾರಿಸ್ಬಹುದಿತ್ತಾ?" ಎಂದು ಅವಳು ಕೇಳಿದಳು.

"ವಾಸಿಯಾದ ಮೇಲೆ ಪೈಲಟ್‌ಗಳ ಮೆಡಿಕಲ್ ಬೋರ್ಡಿನವರು ನೋಡಿ ಹೇಳ್ತಿದ್ರು. ಹೆಚ್ಚಾಗಿ ಒಪ್ತಿದ್ರು ಅನ್ಸುತ್ತೆ."

ಅವಳು ನನ್ನ ಕಡೆ ತಿರುಗಲಿಲ್ಲ. ತಿರುಗಿ ಒಂದು ಸಲ ದಿಟ್ಟಿಸಿದ್ದರೆ ನನಗೆ ಹಗುರವಾಗುತ್ತಿತ್ತು. ಲೈಸೆನ್ಸ್ ಹೋದರೆ ಹಣ ಬರಲಿ ಎಂದು ನಾನು ಕಾಯಿಸಿದೆ. ಕಾಯಿಸಿದ್ದರಿಂದಲೇ ಲೈಸೆನ್ಸ್ ಹೋಯಿತು. ಇದನ್ನು ಇದಕ್ಕಿಂತ ಚೆನ್ನಾಗಿ ಬರೆಯಲು ನನಗೆ ಬರುವುದಿಲ್ಲ.

ಮರುದಿನವೇ ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಕಣ್ಣಿನೊಳಗೆ ಗ್ಯಾಸ್ ತುಂಬಿದ್ದರು. ಅದು ಪದರವನ್ನು ಒತ್ತಿ ಹಿಡಿಯಬೇಕಾದರೆ ಹತ್ತು ದಿನ ಮುಖ ಕೆಳಗೆ ಮಾಡಿಕೊಂಡೇ ಇರಬೇಕು ಎಂದರು. ಊಟ, ನಿದ್ದೆ ಎಲ್ಲ ಹಾಗೆಯೇ. ಮೂವತ್ತೈದು ಸಾವಿರ ಅಡಿ ಮೇಲಿಂದ ದೇಶ ನೋಡುತ್ತಿದ್ದ ಹುಡುಗಿ ಅವಳ ಬಾಡಿಗೆ ಫ್ಲಾಟಿನಲ್ಲಿ ಹತ್ತು ದಿನ ನೆಲದ ಟೈಲ್ಸ್ ನೋಡುತ್ತ ಬೋರಲು ಮಲಗಿದ್ದಳು. ಅಕ್ಕ ಮಂಚದ ಕೆಳಗೆ ಕೂತು, ಕತ್ತೆತ್ತಿ, ಅವಳ ಬಾಯಿಗೆ ತುತ್ತಿಡುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ನೋಡಲಾಗದೆ ಔಷಧಿ ತರುವ ನೆಪ ಮಾಡಿಕೊಂಡು ರಸ್ತೆಗಿಳಿದು ಅತ್ತೆ.

ಪದರ ಅಂಟಿತು, ನೋಟ ಮರಳಲಿಲ್ಲ. ಬಲಗಣ್ಣಿನಲ್ಲಿ ಈಗ ಅವಳಿಗೆ ಬೆಳಕು, ನೆರಳು, ಎದುರಿಗೆ ಯಾರೋ ಇದ್ದಾರೆ ಎಂಬಷ್ಟು ಮಾತ್ರ ತಿಳಿಯುತ್ತದೆ. ಕೆಲವು ತಿಂಗಳ ಮೇಲೆ ವೈದ್ಯಕೀಯ ಬೋರ್ಡಿನವರು ಇನ್ನು ಹಾರಾಟಕ್ಕೆ ಅರ್ಹಳಲ್ಲ ಎಂದು ಬರೆದುಕೊಟ್ಟರು. ಅವಳು ಬೆಂಗಳೂರಿನ ಮನೆ ಖಾಲಿ ಮಾಡಿ ಭದ್ರಾವತಿಗೆ ಬಂದಳು. ಮೂವತ್ತೆರಡು ತುಂಬಿರಲಿಲ್ಲ.

ಪರಿಹಾರದ ಅರ್ಜಿ ತುಂಬುವ ಕೆಲಸ ಬಂತು. ಶಿವಮೊಗ್ಗದ ಡಾಕ್ಟರು ತಮ್ಮ ಚೀಟಿಯಲ್ಲಿ ಇಪ್ಪತ್ತು ದಿನದ ಮಾತು ಬರೆದಿರಲಿಲ್ಲ, ಬೆಂಗಳೂರಿಗೆ ಬೇಗ ಕಳಿಸುವ ಅವಸರದಲ್ಲಿ ಬರೀ ಕಾಯಿಲೆಯ ಹೆಸರು ಬರೆದಿದ್ದರು. ಅಂದರೆ ತೊಂದರೆ ಶುರುವಾದ ತಾರೀಖು ಅವಳು ಬರೆದದ್ದೇ ಆಗುತ್ತಿತ್ತು. ಎಲ್ಲರಿಂದ ನಿಜ ಬಾಯಿ ಬಿಡಿಸುತ್ತಿದ್ದ ನಾನು ಅವಳಿಗೆ ಹೇಳಿದೆ, "ಇಪ್ಪತ್ತನೇ ದಿನ ಬೆಳಿಗ್ಗೆ ಎದ್ದಾಗ ಕಾಣಿಸ್ತು ಅಂತ ಬರಿ. ಇಷ್ಟಾದ ಮೇಲೆ ಹಣ ಆದ್ರೂ ಬರ್ಲಿ." ಹಣದ ಅಗತ್ಯವೂ ಇತ್ತು. ಆಪರೇಷನ್ನಿಗೆ, ಆಮೇಲಿನ ತಿಂಗಳುಗಳಿಗೆ ಎಂದು ಒಂದು ಸೈಟನ್ನು ಸಿಕ್ಕ ಬೆಲೆಗೆ ಕೊಟ್ಟಾಗಿತ್ತು. ಅವಳು ಫಾರಂ ನನ್ನ ಕೈಗೆ ಕೊಡಲಿಲ್ಲ. "ನಾನೇ ತುಂಬ್ತೀನಿ ಮಾವ" ಎಂದಳು. ವಿಮಾನ ಇಳಿಸಿದ ಮೇಲೆ ಯಾವ ಸಣ್ಣ ದೋಷ ಕಂಡಿದ್ದರೂ ಮುಂದೆ ಹಾರಿಸುವವರಿಗಾಗಿ ಪುಸ್ತಕದಲ್ಲಿ ಇದ್ದದ್ದು ಇದ್ದ ಹಾಗೆ ಬರೆದಿಡಬೇಕು ಎಂದು ಅವಳು ಎಂದೋ ಹೇಳಿದ್ದು ನನಗೆ ನೆನಪಿತ್ತು. ನಾನು ಒತ್ತಾಯ ಮಾಡಲಿಲ್ಲ.

ಕಳೆದ ತಿಂಗಳು ಒಂದು ಭಾನುವಾರ ಅಕ್ಕ ಊಟಕ್ಕೆ ಕರೆದಿದ್ದಳು. ನಾನು ಹೋದಾಗ ಹುಡುಗಿ ಒಳಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಪೈಲಟ್ ಪರೀಕ್ಷೆಗೆ ಓದುವವರಿಗೆ ಪಾಠ ಮಾಡುತ್ತಿದ್ದಳು. ಈಗ ಅವಳ ಸಂಪಾದನೆ ಅದೇ. ಅಕ್ಕ ದೇವರ ಗೂಡಿನಿಂದ ಒಂದು ಲಕೋಟೆ ತೆಗೆದು ನನ್ನ ಕೈಗಿಟ್ಟಳು.

"ನಿನ್ನೆ ರಿಜಿಸ್ಟರ್ಡ್ ಪೋಸ್ಟಲ್ಲಿ ಬಂತು. ಇಂಗ್ಲಿಷಲ್ಲಿದೆ. ಇವಳನ್ನ ಕೇಳಿದ್ರೆ ಏನಿಲ್ಲ ಬಿಡು ಅಂತಾಳೆ. ನೀನು ಓದಿ ಹೇಳು ಮಾರಾಯ."

ವಿಮಾ ಕಂಪನಿಯ ಪತ್ರ. ತೊಂದರೆಯು ಪಾಲಿಸಿಯ ಮೊದಲ ಆರು ತಿಂಗಳೊಳಗೇ ಕಾಣಿಸಿಕೊಂಡಿದೆ ಎಂದು ಅರ್ಜಿದಾರರೇ ತಿಳಿಸಿರುವುದರಿಂದ ಪರಿಹಾರ ಕೊಡಲು ಬರುವುದಿಲ್ಲ ಎಂದು ಇತ್ತು. ಕೆಳಗೆ ಅವಳು ತುಂಬಿದ ಅರ್ಜಿಯ ನಕಲು ಸೇರಿಸಿದ್ದರು. ಎಲ್ಲ ಅವಳ ಅಕ್ಷರ. ಕಪ್ಪು ಎಳೆ ಕಂಡ ಸಂಜೆ, ನೆರಳು ಬಂದ ಮಧ್ಯಾಹ್ನ, ಆಸ್ಪತ್ರೆಗೆ ಹೋದ ಬೆಳಿಗ್ಗೆ, ಎಲ್ಲ ತಾರೀಖು ಸರಿಯಾಗಿದ್ದವು. ಅಷ್ಟೊತ್ತಿಗೆ ಪಾಠ ಮುಗಿಸಿ ಅವಳೂ ಬಂದು ಬಾಗಿಲಿಗೆ ಒರಗಿ ನಿಂತಳು. ನಾನು ಒಂದೊಂದೇ ಸಾಲನ್ನು ಅಕ್ಕನಿಗೆ ಕನ್ನಡದಲ್ಲಿ ಹೇಳುತ್ತ ಹೋದೆ. ಕೊನೆಯಲ್ಲಿ ಒಂದು ಪ್ರಶ್ನೆಯಿತ್ತು: ಚಿಕಿತ್ಸೆ ಪಡೆಯಲು ತಡವಾದದ್ದೇಕೆ, ಯಾರ ಸಲಹೆಯ ಮೇರೆಗೆ? ಅದರ ಮುಂದೆ ಅವಳು ಬರೆದಿದ್ದಳು, ಯಾರ ಸಲಹೆಯೂ ಇಲ್ಲ, ನನ್ನ ಸ್ವಂತ ನಿರ್ಧಾರ.

ಆ ಫಾರಂನಲ್ಲಿ ಅದೊಂದೇ ಸುಳ್ಳು. ಅದನ್ನೂ ನಾನು ಅಕ್ಕನಿಗೆ ಓದಿ ಹೇಳಿದೆ.

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಮಗಳ ಕಡೆ ತಿರುಗಿದಳು. "ಅಷ್ಟು ದಿನ ಒಬ್ಬಳೇ ಕಣ್ಣಲ್ಲಿಟ್ಕೊಂಡು ಕೂತ್ಯಲ್ಲೇ. ನನಗಂತೂ ಏನೂ ತಿಳಿಯಲ್ಲ. ನಿನ್ನ ಮಾವನ್ನಾದ್ರೂ ಒಂದು ಮಾತು ಕೇಳ್ಬಾರ್ದಿತ್ತಾ?"

ಅವಳು ನನ್ನನ್ನು ನೋಡಿದಳು, ಇರುವ ಒಂದು ಕಣ್ಣಿನಲ್ಲಿ.

"ಕೇಳ್ಬೇಕಿತ್ತಮ್ಮ, ತಪ್ಪಾಯ್ತು" ಎಂದಳು.

ನಾನು ಪತ್ರ ಮಡಚಿ ಲಕೋಟೆಗೆ ಹಾಕಿದೆ. ಅಕ್ಕ ಎಲೆ ಹಾಕಿದಳು, ಕೂತು ಉಂಡೆ.